ನಾವು ಸೇದುವುದಿಲ್ಲ, ಕಾರು ನೋಡಿಕೊಳ್ಳುತ್ತೇವೆ

ಮಾನ್ಯ ನಗರ ಆರೋಗ್ಯಾಧಿಕಾರಿಗಳೇ,

ನೀವು ನಮ್ಮ ಚರ್ಚಿನ ಸಭೆಗೆ ದಯಪಾಲಿಸಿದ ಹಿತ್ತಾಳೆಯ ಫಲಕವನ್ನು ಈ ಪತ್ರದ ಜೊತೆಗೇ ಹಿಂದಿರುಗಿಸುತ್ತಿದ್ದೇನೆ. 'ಹೊಗೆಮುಕ್ತ ಸಭೆ' ಎಂದು ಅದರ ಮೇಲೆ ಬಲು ಸೊಗಸಾದ ಅಕ್ಷರಗಳಲ್ಲಿ ಕೊರೆಸಿದ್ದೀರಿ. ಅಕ್ಷರಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಫಲಕ ಗೋಡೆಗೇರಿದ ದಿನದಿಂದ ನನ್ನ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ ಲಿನ್‌ವುಡ್ ಬಾಯ್ಕಿನ್‌ಗೆ, ಸಿಗರೇಟು ಬಿಡಲು ನಿಮ್ಮ ಇಲಾಖೆಯಿಂದ ಸಿಗಬೇಕಾದ ಸಹಾಯ ಸಿಗುತ್ತಿಲ್ಲ. ಅವನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ. ಅದು ಸಾಧು ಸ್ವಭಾವದ್ದಲ್ಲ, ಸಿಗರೇಟು ಬಿಡಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಸೇದುವವರೇ ಇಲ್ಲದ ಸಭೆಯವನಿಗೆ ಸೇದುವುದನ್ನು ಬಿಡಿಸುವುದು ಹೇಗೆ ಎಂದು ನಿಮ್ಮ ಕಚೇರಿ ಕೇಳುತ್ತಿದೆ. ನಿಮ್ಮಲ್ಲಿ ಪತ್ರಗಳ ಮೊದಲ ಪ್ಯಾರಾ ಮಾತ್ರ ಓದುತ್ತಾರೆಂದು ಕೇಳಿ ಬಲ್ಲೆ, ಆದ್ದರಿಂದ ದೂರನ್ನು ಇಲ್ಲಿಗೇ ಮುಗಿಸಿದ್ದೇನೆ. ಉಳಿದದ್ದನ್ನು ಪತ್ರಿಕೆಯಲ್ಲಿ ಊರಿನವರು ಓದಿಕೊಳ್ಳಲಿ.

ನಾನು ಥರ್ಮನ್ ಪೆಟಿಗ್ರೂ. ಹಾರ್ಲೋಸ್ ಫೆರಿ ಊರಿನ ಶಾಲಾ ಬಸ್ಸುಗಳ ಹೊಟ್ಟೆಯಡಿ ಅಂಗಾತ ಮಲಗಿ ಜೀವಮಾನ ಸವೆಸಿ ನಿವೃತ್ತನಾದ ಮೆಕ್ಯಾನಿಕ್ಕು. ಭಾನುವಾರಗಳಲ್ಲಿ ನದಿಯ ಪೂರ್ವ ದಂಡೆಯ ಗ್ರೇಟರ್ ಸೈಲೋಮ್ ಬ್ಯಾಪ್ಟಿಸ್ಟ್ ಸಭೆಯ ಬಾಗಿಲ ಸೇವೆಯವರ ಮುಖ್ಯಸ್ಥ. ಕೈಗೆ ಬಿಳಿ ಗವಸು, ಎಡಗೈ ಬೆನ್ನ ಹಿಂದೆ, ಬಾಯಿಗೆ ಬೀಗ. ಯಾರನ್ನು ಎಲ್ಲಿ ಕೂರಿಸಬೇಕು, ಯಾರಿಗೆ ಬೀಸಣಿಗೆ ಬೇಕು, ಯಾರು ಆವೇಶ ಬಂದು ಬೀಳುವ ಹಾಗಿದ್ದಾರೆ ಎಂಬುದನ್ನೆಲ್ಲ ನಾವು ಬೆರಳ ಸನ್ನೆಯಲ್ಲೇ ಮಾತಾಡಿಕೊಳ್ಳುತ್ತೇವೆ. ಇಷ್ಟು ಸಾಲದೆಂಬಂತೆ ನಾನು ಹುಟ್ಟಿದಂದಿನಿಂದ ಕಪ್ಪು ಮನುಷ್ಯನೂ ಹೌದು. ಇದನ್ನು ಬೇರೆ ಹೇಳಿಕೊಳ್ಳಬೇಕು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ, ನಿಮ್ಮ ಭಿತ್ತಿಪತ್ರ ಬರುವವರೆಗೆ.

ಆ ಭಿತ್ತಿಪತ್ರವನ್ನು ನಮ್ಮ ಸಭೆಯ ಎದುರಿನ ಬಸ್ ನಿಲ್ದಾಣಕ್ಕೇ ಅಂಟಿಸಿದ್ದೀರಿ. 'ಕಪ್ಪು ಗಂಡಸೇ? ಎಚ್ಚರ! ನಿಮ್ಮ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚು ಉಗ್ರವಾಗಿರಬಹುದು.' ಕೆಳಗೆ ನಮ್ಮಂಥವನೇ ಒಬ್ಬನ ಫೋಟೋ. ಪಾಪ, ಅವನು ಆಕಾಶ ನೋಡುತ್ತಿದ್ದಾನೆ, ಮಳೆ ಬಂದೀತೇ ಎಂಬ ಚಿಂತೆಯಲ್ಲಿದ್ದಂತೆ. ಮೊದಲ ಸಲ ಅದನ್ನು ಓದಿದ ದಿನ ಲಿನ್‌ವುಡ್ ತನ್ನ ಅಂಗೈ ಮುಂಗೈ ಎರಡನ್ನೂ ತಿರುಗಿಸಿ ನೋಡಿಕೊಂಡ.

"ಥರ್ಮನ್, ನಾವು ಕಪ್ಪಗಿದ್ದೀವೇನೋ?"

"ಯಾಕೆ ಭಾವ, ನಿಂಗೆ ಇಷ್ಟು ದಿನ ಯಾರೂ ಹೇಳಿರ್ಲಿಲ್ವಾ?"

"ಹೇಳಿದ್ರು ಕಣೋ, ದಿನಾ ಹೇಳ್ತಾರೆ. ಆದ್ರೆ ಇದಕ್ಕೆ ಆಸ್ಪತ್ರೆ ಇದೆ ಅಂತ ಯಾರೂ ಹೇಳಿರ್ಲಿಲ್ಲ."

ಅದೇ ಬಸ್ ನಿಲ್ದಾಣದ ಬೆನ್ನಿಗೆ ಮೂಲೆಯಂಗಡಿ ಇದೆ. ನೀವು ಬಂದಾಗ ಕಾರಿನ ಗಾಜು ಇಳಿಸಲಿಲ್ಲವಾದ್ದರಿಂದ ನೋಡಿರಲಿಕ್ಕಿಲ್ಲ. ಅದರ ಬಾಗಿಲ ತುಂಬ, ಕಿಟಕಿಯ ತುಂಬ ಹಸಿರು ಹಸಿರು ಮೆಂಥಾಲ್ ಸಿಗರೇಟಿನ ಜಾಹೀರಾತು. ಊರಾಚೆ ಬಿಳಿಯರ ಬಡಾವಣೆಯ ಅಂಗಡಿಗಳಲ್ಲಿ ಹುಡುಕಿದರೂ ಇಷ್ಟು ಹಸಿರು ಸಿಗುವುದಿಲ್ಲ. ಅಲ್ಲಿ ಹಸಿರೆಂದರೆ ಹುಲ್ಲು. ನಮ್ಮ ತಂದೆಯ ಕಾಲದಲ್ಲಿ ಇದೇ ಬೀದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಈ ಪುದೀನ ವಾಸನೆಯ ಸಿಗರೇಟನ್ನು ಪುಕ್ಕಟೆ ಹಂಚುತ್ತಿದ್ದರು. ಗಂಟಲಿಗೆ ತಂಪು, ಕೆಮ್ಮಿಗೂ ಒಳ್ಳೆಯದು ಎನ್ನುತ್ತಿದ್ದರು. ನಮ್ಮ ಹಿರಿಯರು ಅದನ್ನು ಸಿಗರೇಟು ಎಂದೇ ಕರೆಯಲಿಲ್ಲ, 'ತಂಪು' ಎಂದರು. ಒಂದು ತಂಪು ಕೊಡು, ಒಂದು ತಂಪು ಹಚ್ಚು. ಬೆಂಕಿ ಹಚ್ಚಿ ಸೇದುವ ವಸ್ತುವಿಗೆ ತಂಪು ಎಂದು ಹೆಸರಿಟ್ಟವರು ನಾವೊಬ್ಬರೇ ಇರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಹಳ ಹಿಂದೆ, ನಮ್ಮ ಹಿಂದಿನ ಪಾಸ್ಟರು ಉಪದೇಶ ಮಾಡುತ್ತಿದ್ದಾಗಲೇ ಯಾರೋ ಅವರ ಕಾರಿನ ನಾಲ್ಕೂ ಚಕ್ರದ ಬಟ್ಟಲು ಮುಚ್ಚಳಗಳನ್ನು ಬಿಚ್ಚಿಕೊಂಡು ಹೋದರು. ಅಂದಿನ ಉಪದೇಶ 'ಕದಿಯಬೇಡ' ಎಂಬುದರ ಮೇಲಿತ್ತು. ಆವತ್ತಿನಿಂದ, ಎರಡನೆಯ ಕಾಣಿಕೆ ಎತ್ತುವ ಹೊತ್ತಿಗೆ ಬಾಗಿಲ ಸೇವೆಯವರಲ್ಲಿ ಇಬ್ಬರು ಹಿತ್ತಲಿಗೆ ಹೋಗಿ ಕಾರುಗಳನ್ನು ನೋಡಿಕೊಂಡು ಬರಬೇಕೆಂದು ನಿಯಮವಾಯಿತು. ಬಲಗೈಯ ಎರಡು ಬೆರಳನ್ನು ಕೋಟಿನ ಎದೆಗೆ ಇಟ್ಟರೆ 'ನಾನು ಕಾರು ನೋಡಿಕೊಂಡು ಬರುತ್ತೇನೆ, ನನ್ನ ಬಾಗಿಲು ನೋಡಿಕೋ' ಎಂದು ಅರ್ಥ. ಹಿತ್ತಲಲ್ಲಿ ಸುಮ್ಮನೆ ನಿಂತು ಕಾರು ನೋಡುವುದು ಬೇಸರದ ಕೆಲಸ. ಹೀಗಾಗಿ ಒಬ್ಬರು ತಂಪು ಹಚ್ಚಿದರು, ಇನ್ನೊಬ್ಬರು ಜೊತೆ ಕೊಟ್ಟರು. ಬರಬರುತ್ತ ಇಬ್ಬರು ಆರಾದರು, ಆರು ಹತ್ತಾದರು. ಗಾಯನವೃಂದದ ದಪ್ಪ ದನಿಯವರೆಲ್ಲ ಬಂದರು, ಸಭೆಯ ಮೇಲ್ವಿಚಾರಣೆ ನೋಡುವ ಡೀಕನ್‌ಗಳು ಬಂದರು. ಕೊನೆಗೆ ಕಾರುಗಳಿಗಿಂತ ನೋಡಿಕೊಳ್ಳುವವರೇ ಹೆಚ್ಚಾದರು. ಇಡೀ ಕೆರೊಲಿನಾ ಸೀಮೆಯಲ್ಲಿ ನಮ್ಮ ಸಭೆಯ ಹಿತ್ತಲಿನಷ್ಟು ಭದ್ರವಾದ ಕಾರು ನಿಲ್ದಾಣ ಇನ್ನೊಂದಿರಲಿಲ್ಲ.

ಕಾಲಕ್ರಮದಲ್ಲಿ 'ಸೇದುವುದು' ಎಂಬ ಮಾತೇ ನಮ್ಮಲ್ಲಿ ಬಿದ್ದುಹೋಯಿತು. ಮನೆಯಲ್ಲೂ ಅಷ್ಟೇ. ರಾತ್ರಿ ಊಟ ಮುಗಿಸಿ ಲಿನ್‌ವುಡ್ "ಸ್ವಲ್ಪ ಕಾರು ನೋಡ್ಕೊಂಡು ಬರ್ತೀನಿ" ಎಂದು ಏಳುತ್ತಾನೆ. ಅವನು ಕಾರು ಮಾರಿ ಎಷ್ಟೋ ವರ್ಷವಾಯಿತು.

ಇಂಥ ಸಭೆಗೆ, ಮೀನೂಟದ ಶನಿವಾರ, ಪ್ರಾಸ್ಟೇಟ್ ಪರೀಕ್ಷೆಗೆಂದು ನೀವು ನಿಮ್ಮ ನರ್ಸಮ್ಮನನ್ನು ಕಳಿಸಿದಿರಿ. ಆ ಹುಡುಗಿ ಒಳ್ಳೆಯವಳು, ಅವಳ ಮೇಲೆ ನನಗೆ ಕೋಪವಿಲ್ಲ. ರಕ್ತ ತೆಗೆಯುವಾಗ ನೋಯಿಸಲಿಲ್ಲ. ಆದರೆ ಅವಳಿಗೆ ಮೇಜು ಹಾಕಿಕೊಟ್ಟಿದ್ದೆಲ್ಲಿ? ಊಟದ ಹಾಲ್‌ನ ನಟ್ಟನಡುವೆ. ಎಡಕ್ಕೆ ನಮ್ಮ ಪಾಸ್ಟರ್ ಯೂಬ್ಯಾಂಕ್ಸ್ ಕರಿದ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಬಲಕ್ಕೆ ನನ್ನ ಹೆಂಡತಿ ವರ್ನೆಲ್ ಸೌಟು ಹಿಡಿದು ಬಡಿಸುತ್ತಿದ್ದಳು. ಹಿಂದೆ, ಸಭೆಗೇ ಹಿರಿಯರಾದ ಮದರ್ ಪರ್ಲೀನ್ ಬೀಸಣಿಗೆ ಆಡಿಸುತ್ತ ಕೂತಿದ್ದರು. ತೊಂಬತ್ತರ ಹತ್ತಿರದ ಆಕೆಯ ಕಿವಿ ಬೇಕಾದ್ದಕ್ಕೆ ಮಾತ್ರ ಕೇಳುತ್ತದೆ. ಆ ಜಾಗದಲ್ಲಿ ನರ್ಸಮ್ಮ ಏರು ದನಿಯಲ್ಲಿ ಕೇಳಿದಳು:

"ಸರ್, ನೀವು ಸಿಗರೇಟು ಸೇದ್ತೀರಾ?"

ಲಿನ್‌ವುಡ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಹಿಂದೆ ಬೀಸಣಿಗೆ ನಿಂತಿತ್ತು.

"ಇಲ್ಲಮ್ಮ. ನಾನು ಕಾರು ನೋಡ್ಕೋತೀನಿ."

"ಓ, ಹೌದಾ? ಭಾನುವಾರ ಮಾತ್ರನಾ?"

"ಭಾನುವಾರ ಇಲ್ಲಿ. ಮಿಕ್ಕ ದಿನ ಮನೆ ಹತ್ರ."

"ಅಯ್ಯೋ, ಮನೆ ಹತ್ರಾನೂ ಕಳ್ಳರ ಕಾಟನಾ?"

"ಚಟ ಅಂತ ತಿಳ್ಕೋಮ್ಮ."

ಅವನ ಹಿಂದಿದ್ದ ಡೀಕನ್ "ನಾನೂ ಅವರ ಜೊತೇಲೇ ನೋಡ್ಕೊಳ್ಳೋದು" ಎಂದರು. ಅವರ ಹಿಂದಿದ್ದವನು "ನಾನು ಮೊದ್ಲು ತುಂಬ ನೋಡ್ತಿದ್ದೆ, ಈಗ ಕಮ್ಮಿ ಮಾಡಿದೀನಿ" ಎಂದ. ಯಾರೂ ಸುಳ್ಳು ಹೇಳಲಿಲ್ಲ, ಮಾನ್ಯರೇ. ಸಭೆಯ ಸೂರಿನಡಿ ಸುಳ್ಳು ಹೇಳುವಷ್ಟು ಕೆಟ್ಟವರು ನಾವಲ್ಲ. ಆ ಹುಡುಗಿಯಾದರೂ ಏನು ಮಾಡಿಯಾಳು, ಎಲ್ಲರ ಹೆಸರಿನ ಮುಂದೆ 'ಸೇದುವುದಿಲ್ಲ' ಎಂದು ಬರೆದು, ಉದ್ಯೋಗದ ಜಾಗದಲ್ಲಿ 'ವಾಹನ ಕಾವಲು' ಎಂದು ಬರೆದುಕೊಂಡಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಾದೆಯೊಂದಿದೆ. ನಿಮ್ಮ ಇಲಾಖೆ ಎತ್ತನ್ನು ಕಟ್ಟಿಯೂ ಆಯಿತು, ಹಾಲು ಕರೆಯಲು ಚೊಂಬನ್ನೂ ಕಳಿಸಿತು. ಮುಂದಿನ ತಿಂಗಳು ತಾವೇ ಖುದ್ದಾಗಿ ನಮ್ಮ ವೇದಿಕೆ ಹತ್ತಿದಿರಿ. 'ಈ ಸಭೆಯ ಗಂಡಸರಲ್ಲಿ ಧೂಮಪಾನ ಶೂನ್ಯ' ಎಂದಿರಿ. 'ಆದರೂ ಇವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಿಳಿಯರಿಗಿಂತ ಉಗ್ರವಾಗಿದೆ. ಹಾಗಾದರೆ ಧೂಮಪಾನ ಕಾರಣವಲ್ಲ, ಕಾರಣ ಜನಾಂಗದಲ್ಲೇ ಇರಬೇಕು' ಎಂದಿರಿ. ಆಮೇಲೆ ಕನ್ನಡಕ ಸರಿಮಾಡಿಕೊಂಡು, 'ಇಷ್ಟೊಂದು ಮಂದಿ ವಾಹನ ಕಾವಲಿನಲ್ಲಿರುವುದರಿಂದ ಕಾರಿನ ಹೊಗೆಯ ಪಾತ್ರವನ್ನೂ ಪರಿಶೀಲಿಸಬೇಕು' ಎಂದಿರಿ. ನಾವು ಆಮೆನ್ ಅಂದೆವು. ನಮ್ಮ ಸಭೆಯಲ್ಲಿ ಯಾರು ಏನು ಹೇಳಿದರೂ ಆಮೆನ್ ಅನ್ನುವುದು ಸೌಜನ್ಯ, ಅದನ್ನು ತಾವು ಒಪ್ಪಿಗೆಯೆಂದು ತಿಳಿದಿರಿ. ಫಲಕ ಕೊಟ್ಟಿರಿ, ಕೈ ಕುಲುಕಿದಿರಿ. ಜೊತೆಗೆ, ನಮ್ಮ ಕಾವಲುಗಾರರ ಕ್ಷೇಮಕ್ಕಾಗಿ, ಒಂದು ಪೆಟ್ಟಿಗೆ ತುಂಬ ಮಿರಮಿರ ಮಿಂಚುವ ಕಿತ್ತಳೆ ಬಣ್ಣದ ಮೇಲಂಗಿಗಳನ್ನೂ ಕೊಟ್ಟಿರಿ.

ಅಂದಿನಿಂದ ನಮ್ಮವರು ಆ ಮೇಲಂಗಿ ತೊಟ್ಟೇ ಸೇದುತ್ತಿದ್ದಾರೆ. ಹೆದ್ದಾರಿಯಲ್ಲಿ ಹೋಗುವವರಿಗೂ ಕಾಣುತ್ತಾರೆ, ನಿಮಗೊಬ್ಬರಿಗೆ ಕಾಣುವುದಿಲ್ಲ.

ಸ್ವಲ್ಪ ಹೊತ್ತು ತಮಾಷೆ ಬಿಟ್ಟು ಮಾತಾಡೋಣ. ನಮ್ಮ ಗಂಡಸರಿಗೆ ಈ ರೋಗ ಹೆಚ್ಚಾಗಿ ಬರುತ್ತದೆ, ಬಿಳಿಯರಿಗಿಂತ ಎರಡು ಪಟ್ಟು ಪ್ರಮಾಣದಲ್ಲಿ ನಾವು ಇದರಿಂದ ಸಾಯುತ್ತೇವೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಲಿನ್‌ವುಡ್ ಮತ್ತು ವರ್ನೆಲ್‌ರ ತಂದೆಯನ್ನೂ ಇದೇ ತೆಗೆದುಕೊಂಡು ಹೋಯಿತು. ಆಗ ಅದಕ್ಕೆ ಹೆಸರಿರಲಿಲ್ಲ, ಮನೆಯಲ್ಲಿ 'ಅಪ್ಪನ ಬೆನ್ನುನೋವು' ಎನ್ನುತ್ತಿದ್ದರು. ವಂಶದಲ್ಲೂ ಏನೋ ಇರಬಹುದು, ತಡವಾಗಿ ಪರೀಕ್ಷೆಗೆ ಹೋಗುವುದೂ ಇರಬಹುದು, ನಮ್ಮ ಮಾತನ್ನು ಅರ್ಧಕ್ಕೇ ತುಂಡರಿಸುವ ಡಾಕ್ಟರುಗಳೂ ಇರಬಹುದು. ಆದರೆ ಹೊಗೆಯೂ ಇದೆ ಸ್ವಾಮಿ! ಹೊಗೆ ಈ ಕ್ಯಾನ್ಸರನ್ನು ಕೆರಳಿಸುತ್ತದೆ, ಸೇದುವವನಲ್ಲಿ ಇದು ಹೆಚ್ಚು ಕೊಲ್ಲುತ್ತದೆ ಎಂದು ನಿಮ್ಮ ವಿದ್ಯೆಯವರೇ ಬರೆದಿದ್ದಾರಂತೆ. ನೀವು ಅದನ್ನು ಲೆಕ್ಕದಿಂದ ಹೊಡೆದುಹಾಕಿ, ಉಳಿದ ಅಪರಾಧವನ್ನೆಲ್ಲ ನಮ್ಮ ಚರ್ಮದ ತಲೆಗೆ ಕಟ್ಟಿದಿರಿ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವುದು ಅಂದರೆ ಇದೇ ಅಲ್ಲವೇ? ಬಿಡಬಹುದಾದದ್ದಕ್ಕೆ ಫಲಕ ಕೊಟ್ಟು, ಬಿಡಲಾಗದ್ದಕ್ಕೆ ಭಿತ್ತಿಪತ್ರ ಹಚ್ಚಿದಿರಿ. ಸಿಗರೇಟು ಬಿಡಲು ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿ ಇದೆ. ಕಪ್ಪಗಿರುವುದನ್ನು ಬಿಡಲು ನಿಮ್ಮಲ್ಲಿ ಯಾವ ಪಟ್ಟಿ ಇದೆ? ಇದ್ದರೆ ಕಳಿಸಿಕೊಡಿ, ಲಿನ್‌ವುಡ್ ತೋಳು ಚಾಚಿಕೊಂಡು ಕೂತಿದ್ದಾನೆ.

ಅವನ ರಕ್ತದ ವರದಿ ಚೆನ್ನಾಗಿರಲಿಲ್ಲ. ಸೂಜಿ ಹಾಕಿ ತುಣುಕು ತೆಗೆದು ನೋಡಿದ್ದು ಅದಕ್ಕಿಂತ ಕೆಟ್ಟದಾಗಿ ಬಂತು. ಆಸ್ಪತ್ರೆಗೆ ವರ್ನೆಲ್ ಮತ್ತು ನಾನು ಜೊತೆಗೆ ಹೋಗಿದ್ದೆವು. ಡಾಕ್ಟರ್ ಮೇಬ್ರಿ ನಮ್ಮವರ ಮಗಳೇ, ಸಣ್ಣ ವಯಸ್ಸು, ಗಟ್ಟಿ ಕೈ. ಅವರೂ ಅದೇ ಪ್ರಶ್ನೆ ಕೇಳಿದರು. ಲಿನ್‌ವುಡ್ ತಂಗಿಯ ಮುಖ ನೋಡಿ ಅದೇ ಉತ್ತರ ಕೊಟ್ಟ.

"ಇಲ್ಲ ಡಾಕ್ಟ್ರೇ. ನಾನು ಕಾರು ನೋಡ್ಕೋತೀನಿ."

ಡಾಕ್ಟರ್ ಮೇಬ್ರಿ ಪೆನ್ನು ಕೆಳಗಿಟ್ಟರು.

"ಮಿಸ್ಟರ್ ಲಿನ್‌ವುಡ್, ನನ್ನ ತಾತ ಕೂಡ ಬಾಗಿಲ ಸೇವೆಯಲ್ಲಿದ್ರು. ಅವ್ರು ಬಾಯ್ಲರ್ ನೋಡ್ಕೊಂಡು ಬರ್ತೀನಿ ಅಂತ ಹೋಗ್ತಿದ್ರು. ಜುಲೈ ಬಿಸಿಲಲ್ಲೂ."

ಲಿನ್‌ವುಡ್ ಟೋಪಿಯನ್ನು ಮೊಣಕಾಲ ಮೇಲೆ ಒಂದು ಸುತ್ತು ತಿರುಗಿಸಿದ.

"ದಿನಕ್ಕೆ ಎಷ್ಟು ಕಾರು ನೋಡ್ತೀರಿ?"

"ಒಂದು... ಒಂದು ಇಪ್ಪತ್ತು."

"ಪುದೀನ ಕಾರೋ, ಸಾದಾ ಕಾರೋ?"

"ಪುದೀನದ್ದೇ."

"ಎಷ್ಟು ವರ್ಷದಿಂದ?"

"ಕಾರಿನ ಬಾಲಕ್ಕೆ ರೆಕ್ಕೆ ಇಟ್ಟು ಮಾಡ್ತಿದ್ದ ಕಾಲದಿಂದ."

ವರ್ನೆಲ್ ಕೈಚೀಲ ಎತ್ತಿ ಅಣ್ಣನ ಹೆಗಲಿಗೆ ಒಂದು ಬಾರಿಸಿದಳು. ಆಮೇಲೆ ಅದೇ ಹೆಗಲ ಮೇಲೆ ಕೈಯಿಟ್ಟುಕೊಂಡು ಕೂತಳು, ಹೊರಗೆ ಬರುವವರೆಗೂ ತೆಗೆಯಲಿಲ್ಲ. ಅವಳಿಗಿರುವುದು ಒಬ್ಬನೇ ಅಣ್ಣ. ಡಾಕ್ಟರು ನಿಧಾನವಾಗಿ ಹೇಳಿದರು: ಇದು ಉಗ್ರ ಜಾತಿಯದ್ದು, ಆದರೆ ಗ್ರಂಥಿಯ ಗಡಿ ದಾಟಿಲ್ಲ. ಕಿರಣ ಚಿಕಿತ್ಸೆ ಕೊಡೋಣ, ಗೆಲ್ಲಬಹುದು. ಆದರೆ ನೀವು ಹೊಗೆಯ ಮೇಲೆ ಹೊಗೆ ಬಿಡುತ್ತಿದ್ದರೆ ನಾನು ಒಂದು ಕಡೆ ಎಳೆಯುತ್ತೇನೆ, ಅದು ಇನ್ನೊಂದು ಕಡೆ ಎಳೆಯುತ್ತದೆ. ಚಿಕಿತ್ಸೆ ಶುರುವಾಗುವುದರೊಳಗೆ ಬಿಡಿ. ಒಬ್ಬರೇ ಬಿಡುವುದು ಕಷ್ಟ, ನಗರದ ಕೇಂದ್ರಕ್ಕೆ ಹೋಗಿ, ಪಟ್ಟಿಯನ್ನೂ ಕೊಡುತ್ತಾರೆ, ಜೊತೆಗೆ ಕೂತು ಮಾತೂ ಆಡುತ್ತಾರೆ.

ನಗರದ ಕೇಂದ್ರ ಅಂದರೆ ನಿಮ್ಮದೇ, ಮಾನ್ಯರೇ. ನಮ್ಮ ಬೀದಿಯ ಬಟ್ಟೆ ಒಗೆಯುವ ಅಂಗಡಿಯ ಪಕ್ಕದಲ್ಲಿತ್ತು. ನಾವು ಹೋದಾಗ ಬಾಗಿಲಿಗೆ ಬೀಗ ಇತ್ತು, ಗಾಜಿನ ಮೇಲೆ ಒಂದು ಕಾಗದ: 'ಈ ಬಡಾವಣೆಯ ಅಮೋಘ ಸಾಧನೆಯ ಹಿನ್ನೆಲೆಯಲ್ಲಿ ಕೇಂದ್ರವನ್ನು ಫೇರ್‌ಲೇಕ್‌ಗೆ ಸ್ಥಳಾಂತರಿಸಲಾಗಿದೆ.' ಫೇರ್‌ಲೇಕ್ ಗೊತ್ತಲ್ಲ, ಊರಾಚೆಯ ಅದೇ ಬಿಳಿಯರ ಬಡಾವಣೆ, ನಿಮ್ಮ ಮನೆ ಇರುವುದೂ ಅಲ್ಲೇ. ಬೆಳಗಾದರೆ ಅಲ್ಲಿನ ಜನ ಯಾರೂ ಅಟ್ಟಿಸಿಕೊಂಡು ಬರದೆಯೇ ಓಡುತ್ತಿರುತ್ತಾರೆ. ನನ್ನ ಕಾರಿನಲ್ಲಿ ಲಿನ್‌ವುಡ್‌ನನ್ನು ಕರೆದುಕೊಂಡು ಅಲ್ಲಿಗೇ ಹೋದೆ. ಮೇಜಿನ ಹಿಂದಿನ ಹೆಂಗಸು ನಗುನಗುತ್ತಲೇ ಮಾತಾಡಿಸಿದರು.

"ಯಾವ ಕಡೆಯಿಂದ ಬಂದ್ರಿ?"

"ಪೂರ್ವ ದಂಡೆ. ಗ್ರೇಟರ್ ಸೈಲೋಮ್ ಸಭೆ," ಎಂದೆ.

"ಓ! ಹೊಗೆಮುಕ್ತ ಸಭೆಯವ್ರು! ನೋಡಿ, ನಿಮ್ಮ ಫೋಟೋ ನಮ್ಮ ಗೋಡೆ ಮೇಲೇ ಇದೆ!"

ಇತ್ತು. ಆಳೆತ್ತರದ ಫೋಟೋ. ಮುಂದಿನ ಸಾಲಿನಲ್ಲಿ ಕಿತ್ತಳೆ ಮೇಲಂಗಿ ತೊಟ್ಟು, ಎದೆಯುಬ್ಬಿಸಿಕೊಂಡು, ಲಿನ್‌ವುಡ್.

"ಇವ್ರು ನೀವೇ ಅಲ್ವಾ?"

"ನಾನೇ ಕಣಮ್ಮ," ಎಂದ ಲಿನ್‌ವುಡ್. "ನಂಗೆ ಸಿಗರೇಟು ಬಿಡಬೇಕು. ಸಹಾಯ ಮಾಡಿ."

ಆ ಮಾತನ್ನು, ಅಷ್ಟು ನೇರವಾಗಿ, ಅವನ ಬಾಯಲ್ಲಿ ನಾನು ಮೊದಲ ಸಲ ಕೇಳಿದ್ದು. ಆಕೆ ಮೇಜು ತಟ್ಟಿ ನಕ್ಕರು.

"ತುಂಬಾ ತಮಾಷೆ ಮಾಡ್ತೀರಪ್ಪ ನೀವು!"

ತಮಾಷೆಯಲ್ಲ ಎಂದು ತಿಳಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಆಕೆ ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ನಿಮ್ಮ ಬಡಾವಣೆಯಲ್ಲಿ ಸೇದುವವರಿಲ್ಲವೆಂದು ದಾಖಲಾಗಿದೆ, ಈ ವರ್ಷ ಆ ಕಡೆಯವರಿಗೆ ಇಲ್ಲಿ ಸೇವೆ ಇಲ್ಲ, ಬೇಕಿದ್ದರೆ ಆರೋಗ್ಯಾಧಿಕಾರಿಗಳಿಗೆ ಬರೆದುಕೊಳ್ಳಿ ಎಂದರು. ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, ಬಟ್ಟಲಿನಿಂದ ತೆಗೆದು ಇಬ್ಬರಿಗೂ ಒಂದೊಂದು ಪುದೀನ ಪೆಪ್ಪರ್‌ಮಿಂಟು ಕೊಟ್ಟರು. ವಾಪಸು ಬರುವಾಗ ಲಿನ್‌ವುಡ್ ಅದನ್ನು ಚೀಪುತ್ತ "ಥರ್ಮನ್, ನಾನು ಬಿಡೋಕೆ ಹೊರಟಿರೋದನ್ನೇ ಇವ್ರು ಕೈಗೆ ಕೊಟ್ಟು ಕಳಿಸಿದ್ರಲ್ಲೋ" ಎಂದ. ಇಬ್ಬರೂ ನಕ್ಕೆವು. ಸೇತುವೆ ದಾಟಿದ ಮೇಲೆ ನಗು ನಿಂತಿತು, ಅವನ ಕೈ ಜೇಬಿನಲ್ಲಿ ಸಿಗರೇಟು ತಡಕತೊಡಗಿತು. ನನಗೆ ಹೆದರಿಕೆಯಾಯಿತು ಎಂದು ಇಲ್ಲಿ ಬರೆಯಲು ನಾಚಿಕೆಯಿಲ್ಲ.

ಅವನು ಒಬ್ಬನೇ ಬಿಡಲು ನೋಡುತ್ತಿದ್ದಾನೆ. ಹಲ್ಲುಕಡ್ಡಿ ಅಗಿಯುತ್ತಾನೆ, ಸೂರ್ಯಕಾಂತಿ ಬೀಜ ಅಗಿಯುತ್ತಾನೆ, ಎದುರು ಸಿಕ್ಕವರ ತಲೆಯನ್ನೂ ಅಗಿಯುತ್ತಾನೆ. ಎರಡು ದಿನ ಬಿಡುತ್ತಾನೆ, ಮೂರನೆಯ ದಿನ ಕಾರು ನೋಡಲು ಏಳುತ್ತಾನೆ. ಗಾಯನವೃಂದದಲ್ಲಿ ಅವನ ಪಕ್ಕ ನಿಲ್ಲಲು ಈಗ ಯಾರಿಗೂ ಧೈರ್ಯವಿಲ್ಲ.

ಕಳೆದ ಭಾನುವಾರ ಸಾಕ್ಷಿ ಹೇಳುವ ಹೊತ್ತು ಬಂತು. ಸಾಮಾನ್ಯವಾಗಿ ಈ ಹೊತ್ತಿನಲ್ಲಿ ಸೊಂಟನೋವು ವಾಸಿಯಾದದ್ದು, ಮೊಮ್ಮಗನಿಗೆ ಕೆಲಸ ಸಿಕ್ಕಿದ್ದು, ಇಂಥವು ಬರುತ್ತವೆ. ಲಿನ್‌ವುಡ್ ಎದ್ದು ನಿಂತ. ಮೈಮೇಲೆ ನಿಮ್ಮ ಕಿತ್ತಳೆ ಮೇಲಂಗಿ.

"ಸಭೆಗೆ ನಮಸ್ಕಾರ. ನಾನು ನಲವತ್ತು ವರ್ಷದಿಂದ ಹಿತ್ತಲಲ್ಲಿ ಕಾರು ನೋಡ್ಕೊಂಡು ಬಂದಿದೀನಿ. ಈ ನಲವತ್ತು ವರ್ಷದಲ್ಲಿ ಒಂದು ಕಾರೂ ಕಳುವಾಗಿಲ್ಲ."

"ಆಮೆನ್," ಅಂದೆವು.

"ಆದ್ರೆ ನನ್ನನ್ನ ಒಳಗಿಂದ ಒಬ್ಬ ಕಳ್ಳ ಕದೀತಾ ಇದ್ದ. ಅವನಿಗೆ ಬೆಂಕಿ ಹಚ್ಚಿ ಬಾಯಿಗಿಟ್ಟವನೂ ನಾನೇ. ನಂಗೆ ಕ್ಯಾನ್ಸರ್ ಬಂದಿದೆ. ಈ ಸಿಗರೇಟು ಬಿಡದಿದ್ರೆ ಅದು ನನ್ನ ಬಿಡಲ್ಲ. ಒಬ್ನೇ ಬಿಡೋಕೆ ನನ್ನ ಕೈಲಿ ಆಗ್ತಿಲ್ಲ. ಅಷ್ಟೇ."

ಆಗ ಹಿಂದಿನಿಂದ ಮದರ್ ಪರ್ಲೀನ್ ದನಿ ಬಂತು:

"ಕೂತ್ಕೋ ಮಗನೇ. ನಿಮ್ಮೆಲ್ಲರ ಕೋಟು ಪುದೀನ ನಾರೋದು ನಮ್ಗೆ ಯಾವತ್ತಿಂದಲೋ ಗೊತ್ತು. ಯಾವತ್ತು ಬಾಯಿ ಬಿಡ್ತೀರೋ ಅಂತ ಕಾಯ್ತಾ ಇದ್ವಿ, ಅಷ್ಟೇ."

ಹೆಂಗಸರ ಕಡೆಯಿಂದ ಬಂದ ಆಮೆನ್‌ಗೆ ಕಿಟಕಿಯ ಗಾಜು ಅದುರಿತು. ಅಷ್ಟರಲ್ಲಿ ಎರಡನೆಯ ಕಾಣಿಕೆ ಶುರುವಾಯಿತು. ನನ್ನ ಎರಡು ಬೆರಳು ಅಭ್ಯಾಸಬಲದಿಂದ ತಾವಾಗಿಯೇ ಎದೆಗೆ ಹೋದವು. ಯಾರೂ ಕದಲಲಿಲ್ಲ. ಡೀಕನ್‌ಗಳು ಕದಲಲಿಲ್ಲ, ದಪ್ಪ ದನಿಯವರು ಕದಲಲಿಲ್ಲ. ಲಿನ್‌ವುಡ್‌ನ ಆಚೆ ಈಚೆ ಒಬ್ಬೊಬ್ಬರೇ ಬಂದು ಒತ್ತಿಕೊಂಡು ಕೂತರು. ನಾನೂ ಬೆರಳು ಕೆಳಗಿಳಿಸಿದೆ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಹಿತ್ತಲಿನಲ್ಲಿ ಯಾರೂ ಇರಲಿಲ್ಲ.

ಪಾಸ್ಟರ್ ಯೂಬ್ಯಾಂಕ್ಸ್‌ರ ಕಾರು ಕಳುವಾದದ್ದು ಆವತ್ತೇ.

ಸಭೆ ಬಿಟ್ಟು ಹೊರಗೆ ಬಂದರೆ ಅವರ ನೀಲಿ ಬ್ಯೂಕ್ ಕಾರು ನಿಂತಿದ್ದ ಜಾಗ ಬಟಾಬಯಲು. ಕಿತ್ತಳೆ ಮೇಲಂಗಿಯವರೆಲ್ಲ ಆ ಖಾಲಿ ಜಾಗದ ಸುತ್ತ ನಿಂತು ನೋಡಿದರು. ನಾವು ನಿಜವಾಗಿ ಕಾರು ನೋಡಿಕೊಳ್ಳುತ್ತಿದ್ದೆವು ಎಂಬುದು ನಮಗೂ ಅವತ್ತೇ ತಿಳಿದದ್ದು. ಪೊಲೀಸಿನವನು ಬೇಗನೇ ಬಂದ. ಕಾರು ಎರಡು ಬೀದಿಯಾಚೆ ರೈಲು ಹಳಿಯ ಹತ್ತಿರ ಸಿಕ್ಕಿತೆಂದ, ಕದ್ದವನು ಪೆಟ್ರೋಲು ಮುಗಿದು ಬಿಟ್ಟು ಓಡಿದ್ದನಂತೆ.

"ಕಾರಿಗೆ ಏನೂ ಆಗಿಲ್ಲ ಪಾಸ್ಟರೇ. ಒಂದು ಸಣ್ಣ ವಿಷಯ. ಬೂದಿ ಡಬ್ಬಿ ತುಂಬ ಮೆಂಥಾಲ್ ಸಿಗರೇಟಿನ ಮೋಟು..."

"ಕಳ್ಳನದು!" ಎಂದರು ಪಾಸ್ಟರು. ಪೊಲೀಸಿನವನು ಇನ್ನೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರ ಕೈ ತಾನಾಗಿ ಕೋಟಿನ ಒಳಜೇಬಿಗೆ ಹೋಗಿತ್ತು.

"ಒಂದು ಗಂಟೇಲಿ ಅಷ್ಟೊಂದು ಸೇದಿದ್ನಾ?"

"ತುಂಬಾ ಚಟದ ಕಳ್ಳ ಇರ್ಬೇಕು."

ಸಭೆಗೆ ಸಭೆಯೇ ಆಮೆನ್ ಅಂದಿತು. ನಮ್ಮ ಆಮೆನ್‌ನ ಅರ್ಥ ನಿಮಗೆ ಮೇಲೆಯೇ ತಿಳಿಸಿದ್ದೇನೆ. ಮದರ್ ಪರ್ಲೀನ್ ಬೀಸಣಿಗೆ ಮಡಚಿ, "ಆ ಕಳ್ಳನಿಗೋಸ್ಕರ ಒಂದು ಪ್ರಾರ್ಥನೆ ಮಾಡೋಣ ಪಾಸ್ಟರೇ. ಪಾಪ, ಅವನಿಗೂ ಅರವತ್ತು ದಾಟಿರ್ಬೇಕು, ಅವನೂ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಲಿ" ಎಂದರು. ಪಾಸ್ಟರು ಕಣ್ಣು ಮುಚ್ಚಿ ಬಹಳ ಭಕ್ತಿಯಿಂದ ಪ್ರಾರ್ಥಿಸಿದರು.

ಆದ್ದರಿಂದ, ಮಾನ್ಯರೇ, ನಮ್ಮ ಒತ್ತಾಯ ಇಷ್ಟು. ಫಲಕ ನಿಮ್ಮಲ್ಲೇ ಇರಲಿ, ಫೇರ್‌ಲೇಕ್‌ನಲ್ಲಿ ಯಾರಾದರೂ ಗೆದ್ದರೆ ಕೊಡಿ. ಕೇಂದ್ರವನ್ನು ಬಟ್ಟೆ ಒಗೆಯುವ ಅಂಗಡಿಯ ಪಕ್ಕಕ್ಕೆ ವಾಪಸು ತನ್ನಿ. ಲಿನ್‌ವುಡ್‌ನ ಕಿರಣ ಚಿಕಿತ್ಸೆ ಬರುವ ತಿಂಗಳು ಮೊದಲಾಗುತ್ತದೆ, ಅದರೊಳಗೇ ತನ್ನಿ, ಅದಾದ ಮೇಲೆ ತಂದರೆ ಉದ್ಘಾಟನೆಗೆ ನಾವು ಬರುವುದಿಲ್ಲ. ಕೋಣೆ ಸಿಗದಿದ್ದರೆ ನಮ್ಮ ಹಿತ್ತಲಿಗೇ ಬನ್ನಿ, ಸೇದುವವರನ್ನು ಹುಡುಕುವ ತೊಂದರೆ ಇಲ್ಲ, ಮೇಲಂಗಿ ಮಿಂಚುತ್ತದೆ. ಆ ಭಿತ್ತಿಪತ್ರವನ್ನು ಕಿತ್ತು ಬೇರೆಯದನ್ನು ಹಚ್ಚಿ: ಬೇಗ ಪರೀಕ್ಷೆ ಮಾಡಿಸಿಕೊಳ್ಳಿ, ಹೊಗೆ ಬಿಡಿ, ಬಿಡಿಸಲು ನಾವಿದ್ದೇವೆ ಎಂದು. ಹಚ್ಚುವಾಗ ಹಿಂದಿನ ಅಂಗಡಿಯ ಹಸಿರನ್ನೂ ಒಮ್ಮೆ ಕಣ್ಣೆತ್ತಿ ನೋಡಿ. ಮತ್ತೆ ಲೆಕ್ಕ ತೆಗೆದುಕೊಳ್ಳಲು ನರ್ಸಮ್ಮನನ್ನು ಕಳಿಸುವಾಗ 'ಸೇದುತ್ತೀರಾ' ಎಂದು ಕೇಳಬೇಡ ಎಂದು ಹೇಳಿಕೊಡಿ. ಒಬ್ಬೊಬ್ಬರನ್ನೇ ಬೇರೆ ಕೂರಿಸಿಕೊಂಡು, ದಿನಕ್ಕೆ ಎಷ್ಟು ಕಾರು ನೋಡುತ್ತೀರಿ ಎಂದು ಕೇಳಲಿ. ಎಲ್ಲರೂ ನಿಜವನ್ನೇ ಹೇಳುತ್ತಾರೆ.

ಕೇಂದ್ರದಲ್ಲಿ ಕುರ್ಚಿ ಹಾಕುವಾಗ ಮೊದಲ ಸಾಲಿನ ಮೊದಲ ಕುರ್ಚಿ ಲಿನ್‌ವುಡ್‌ಗೆ ಇರಲಿ, ಪಕ್ಕದ್ದು ಅವನ ತಂಗಿಗೆ. ಅವರ ಹಿಂದಿನ ಸಾಲುಗಳನ್ನು ನಾವು ತುಂಬುತ್ತೇವೆ. ಬಾಗಿಲಲ್ಲಿ ಬಿಳಿ ಗವಸು ತೊಟ್ಟು ನಾನೇ ನಿಂತಿರುತ್ತೇನೆ. ಕೊನೆಯಲ್ಲಿ, ಕತ್ತಲು ಮೂಲೆಯಲ್ಲಿ, ಒಂದು ಕುರ್ಚಿ ಖಾಲಿ ಬಿಡಿ. ಉಪದೇಶ ಮುಗಿಸಿಕೊಂಡು ಆ ಕಳ್ಳನೂ ಬರುತ್ತೇನೆಂದಿದ್ದಾನೆ.

ಇಂತಿ,
ಕಪ್ಪಗಿರುವುದನ್ನು ಬಿಡಲಾಗದೆ, ಕಾರು ನೋಡುವುದನ್ನಾದರೂ ಬಿಡೋಣವೆಂದು ಹೊರಟಿರುವ,
ಸದ್ಯ ದಿನಕ್ಕೆ ಎಂಟು ಕಾರಿಗೆ ಇಳಿದಿರುವ
ಥರ್ಮನ್ ಪೆಟಿಗ್ರೂ
ಬಾಗಿಲ ಸೇವೆಯ ಮುಖ್ಯಸ್ಥ, ಗ್ರೇಟರ್ ಸೈಲೋಮ್ ಸಭೆ (ಹೊಗೆ ಸಹಿತ)